ಎಂಟಾಣೆಯ ಬಾಣಂತನ

ವಡಾಲವೆಂದೊಡನೆ ಮುಂಬಯಿಯ ಕನ್ನಡಿಗರ ಕಣ್ಣಿಗೆ ಕಟ್ಟುವುದು ಅಲ್ಲಿಯ ರಾಮಮಂದಿರ ಮತ್ತು ಕನ್ನಡ ಶಾಲೆ. ಆದರೆ 1896ರ ಪ್ಲೇಗಿನ ಭೀತಿಯಿಂದ ಜನ್ಮತಾಳಿದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ-ಮಾಟುಂಗಾಗಳೊಡನೆ ಈ ಪ್ರದೇಶವನ್ನೂ ಅಳೆದು ಬೀದಿಗಳನ್ನು ಎಳೆಯುವುದಕ್ಕೆ ಮುಂಚೆ ಅದು, ಒಂದು ಕಡೆ ಮಿಠಾಗರಗಳೆಂಬ ಉಪ್ಪಿನ ಗದ್ದೆಗಳೂ ಇನ್ನೊಂದು ಕಡೆ ಪರಳ-ನಾಯಗಾಂವಗಳ ಗಿರಣಿಗಳ ಚಿಮಣಿಗಳೂ ಕಾಣುತ್ತಿದ್ದ ತಗ್ಗುನೆಲವಾಗಿತ್ತು. ಉಪ್ಪು ಎಳೆಯುವ ಹೆಂಗಸಿಗೂ ನೂಲು ಸುತ್ತುವ ಹೆಂಗಸಿಗೂ ಬಸಿರು ಒಂದೇ ಬಗೆಯದು. ಸರಕಾರದ ಕಣ್ಣಿಗೆ ಮಾತ್ರ ಅವರಿಬ್ಬರೂ ಬೇರೆಯಾದರು.

ಗಿರಣಿಯ ಹೆಣ್ಣಾಳುಗಳ ಸ್ಥಿತಿಯನ್ನು ಪರೀಕ್ಷಿಸಲೆಂದು ಮುಂಬಯಿ ಸರಕಾರವು 1920ರ ದಶಕದ ಆರಂಭದಲ್ಲಿ ನಿಯಮಿಸಿದ ವೈದ್ಯೆ ಬಾರ್ನ್ಸ್ ಅವರಿಗೆ ಕಂಡುಬಂದುದು ಬಾಳಗೋಳಿ, ಎಂದರೆ ಅಳುವ ಕೂಸು ತಾಯಿ ಗಿರಣಿಯಿಂದ ಮರಳುವವರೆಗೂ ಸದ್ದಿಲ್ಲದೆ ಮಲಗಿರಲೆಂದು ನಾಲಗೆಗೆ ತಿಕ್ಕುವ ಅಫೀಮಿನ ಗುಳಿಗೆ. ಅದನ್ನು ಕೊಟ್ಟ ತಾಯಂದಿರನ್ನು ಬೈಯುವುದು ಸುಲಭ. ಬೈಯುವವನ ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಯಾರಾದರೂ ಇದ್ದೇ ಇರುತ್ತಾರೆ.

ಪ್ರಸವಕ್ಕೆ ಮುನ್ನ ಆರು ವಾರ, ಅನಂತರ ಆರು ವಾರ ವಿಶ್ರಾಂತಿ ಬೇಕೆಂದು 1919ರಲ್ಲಿ ವಾಷಿಂಗ್ಟನ್ನಿನ ಕಾರ್ಮಿಕ ಸಮ್ಮೇಳನವು ನಿರ್ಣಯಿಸಿತ್ತು. ಕಾರ್ಮಿಕ ಮುಖಂಡ ಎನ್. ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ತಂದ ಪ್ರಸೂತಿ ಭತ್ಯೆಯ ಮಸೂದೆ ಬಿದ್ದುಹೋಯಿತು. ಬಳಿಕ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಸದಸ್ಯ ಅಸಾವಲೆಯವರ ಅಂಥದೇ ಮಸೂದೆ ಬಂದಾಗ, 1928ರ ಜುಲೈ 28ರಂದು ಅದನ್ನು ಬೆಂಬಲಿಸಿ ಮಾತನಾಡಿದ ಡಾ. ಅಂಬೇಡ್ಕರರು, ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವಾದ್ದರಿಂದ ಅದರ ಭಾರ ಮುಖ್ಯವಾಗಿ ಸರಕಾರದ್ದೇ ಆಗತಕ್ಕದ್ದೆಂದೂ, ಆದರೂ ದುಡಿಮೆಯ ಲಾಭವನ್ನು ಉಣ್ಣುವ ಮಾಲೀಕನು ಹೊಣೆಯಿಂದ ಪೂರ್ತಿ ತಪ್ಪಿಸಿಕೊಳ್ಳಲಾಗದೆಂದೂ ವಾದಿಸಿದರು. 1929ರಲ್ಲಿ ದೇಶದಲ್ಲೇ ಮೊದಲನೆಯದಾದ ಆ ಕಾಯಿದೆ ಜಾರಿಗೆ ಬಂದಾಗ ಭಾರವೆಲ್ಲ ಮಾಲೀಕನ ಹೆಗಲಿಗೇ ಬಿದ್ದಿತು: ದಿನಕ್ಕೆ ಎಂಟಾಣೆ.

ಆದರೆ ಆ ಎಂಟಾಣೆಗೆ ಅರ್ಹಳು ಯಾರು? ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ನಿಗದಿಯಾದ ತಿಂಗಳುಗಳ ಕಾಲ ಹೆಸರು ಕಾಣಿಸಿಕೊಂಡಿದ್ದವಳು. ಕೆಲಸ ಸಿಕ್ಕ ದಿನ ಒಳಗೆ, ಸಿಗದ ದಿನ ಗೇಟಿನ ಹೊರಗೆ ನಿಲ್ಲುವ ಬದಲಿ ಹೆಂಗಸಿಗೆ ಆ ಲೆಕ್ಕ ಎಂದಾದರೂ ತುಂಬುವುದುಂಟೆ? ವಡಾಲದ ಮಿಠಾಗರವಂತೂ ಕಾರ್ಖಾನೆಯೇ ಆಗಿರಲಿಲ್ಲ. ಮಳೆಗಾಲದಲ್ಲಿ ಅಲ್ಲಿ ಕೆಲಸವೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ಪದ್ಧತಿಯೂ ಹಾಜರಿಗೆ ವೈರಿಯೇ. ಬಡತನವು ಎಷ್ಟಿದೆಯೆಂದು ಯಾರೂ ಕೇಳಲಿಲ್ಲ, ದಿನಗಳೆಷ್ಟೆಂದು ಕೇಳಿದರು. ಇತ್ತ, ಹೆಣ್ಣಾಳೆಂದರೆ ಖರ್ಚೆಂದು ತಿಳಿದ ಮಾಲೀಕರಿಗೆ ಗಂಡಾಳೇ ಹಿತವೆನಿಸತೊಡಗಿದನು.

ಈ ದೋಷವನ್ನು ತಿದ್ದಲು ಬಂದುದು 1948ರ ನೌಕರರ ರಾಜ್ಯ ವಿಮಾ ಕಾಯಿದೆ, ಜನರ ಬಾಯಲ್ಲಿ ಇ.ಎಸ್.ಐ. ಮಾಲೀಕನೂ ಕಾರ್ಮಿಕನೂ ಕೂಡಿ ವಂತಿಗೆ ಕೊಟ್ಟ ನಿಧಿಯಿಂದ ಭತ್ಯೆಯು ಬರುವುದಾದ್ದರಿಂದ ಗರ್ಭಿಣಿಯನ್ನು ತೆಗೆದುಹಾಕಿದರೆ ಮಾಲೀಕನಿಗೆ ಉಳಿತಾಯವೇನೂ ಇಲ್ಲ. 1952ರಲ್ಲಿ ಕಾನ್ಪುರ-ದಿಲ್ಲಿಗಳಲ್ಲಿ ಆರಂಭವಾಗಿ, 1954ರಲ್ಲಿ ಮುಂಬಯಿಗೆ ಬಂದ ಈ ಯೋಜನೆಯ ವೈದ್ಯಸೇವೆ ಮೊದಮೊದಲು ಕಾರ್ಮಿಕನೊಬ್ಬನಿಗೇ ಮೀಸಲಾಗಿದ್ದು, 1958ರಿಂದೀಚೆಗೆ ಕ್ರಮೇಣ ಹೆಂಡತಿ-ಮಕ್ಕಳಿಗೂ ವಿಸ್ತರಿಸಿತು. ವಿಮೆಯ ವ್ಯಾಪ್ತಿಯ ಹೊರಗಿದ್ದವರಿಗೆ 1961ರ ಪ್ರಸೂತಿ ಸೌಲಭ್ಯ ಕಾಯಿದೆಯು 160 ದಿನಗಳ ದುಡಿಮೆಯನ್ನು ಅರ್ಹತೆಯೆಂದು ವಿಧಿಸಿತು. ಅದು 80ಕ್ಕೆ ಇಳಿಯಲು 1988ರವರೆಗೆ ಕಾಯಬೇಕಾಯಿತು.

ಹೋಟೆಲುಗಳಿಗೆ ಇ.ಎಸ್.ಐ. ಬಂದ ಮೇಲೆ ನಾನು ಕಂಡ ಒಬ್ಬ ದೋಸೆಭಟ್ಟರ ನೆನಪಿದೆ. ಕಾರ್ಡಿಗೆ ಕುಟುಂಬದ ಭಾವಚಿತ್ರ ಬೇಕೆಂದು, ತುಂಬು ಬಸುರಿಯಾದ ಹೆಂಡತಿಯನ್ನು ಕರೆದುಕೊಂಡು ಅವರು ಸ್ಟೇಷನ್ನಿನ ಬಳಿಯ ಸ್ಟುಡಿಯೋಗೆ ಹೋದರು. "ಭಟ್ರೇ, ಒಂದು ತಿಂಗಳು ತಡೆದರೆ ಮೂವರದನ್ನೂ ಒಟ್ಟಿಗೇ ತೆಗೆಯಬಹುದಲ್ಲ" ಎಂದೆ. "ಅಲ್ಲ ಮಾರಾಯ್ರೇ, ಮೂರನೆಯದು ಹೊರಗೆ ಬರಬೇಕಾದರೆ ಮೊದಲು ಈ ಕಾರ್ಡು ಬೇಕಲ್ಲ" ಎಂದು ನಕ್ಕರು. ಚಿತ್ರದಲ್ಲಿ ಆ ತಾಯಿ ಸೆರಗನ್ನು ಮುಂದಕ್ಕೆಳೆದು ಹೊಟ್ಟೆಯನ್ನು ಮುಚ್ಚಿಕೊಂಡಿದ್ದಳು.