‘ಎಷ್ಟು ಕೊಡುತ್ತೆ?’ ಎಂಬ ಪ್ರಶ್ನೆ ಮತ್ತು ಸ್ವಿಫ್ಟ್ ಡೀಸೆಲ್

ನಮ್ಮಲ್ಲಿ ಹೊಸ ಕಾರು ತಂದವರಿಗೆ ಎದುರಾಗೋ ಮೊದಲ ಪ್ರಶ್ನೆ ಬಣ್ಣದ್ದಲ್ಲ, ‘ಎಷ್ಟು ಕೊಡುತ್ತೆ?’ ಅನ್ನೋದು. 2007ರ ಜನವರಿಯಿಂದ 2020ರವರೆಗೆ ಈ ಪ್ರಶ್ನೆಗೆ ಎದೆಯುಬ್ಬಿಸಿ ಉತ್ತರ ಕೊಟ್ಟ ಕಾರು ಮಾರುತಿ ಸ್ವಿಫ್ಟ್ ಡೀಸೆಲ್. ಈಗ ಶೋರೂಮಿನಲ್ಲಿಲ್ಲ, ಸೆಕೆಂಡ್ ಹ್ಯಾಂಡ್ ಕಾರುಗಳ ಸಾಲಿನಲ್ಲಿ ಮಾತ್ರ ಸಿಗುತ್ತೆ. ಅದನ್ನ ಕೊಳ್ಳೋ ಯೋಚನೆ ಇರೋರಿಗೂ ಇಲ್ಲದವರಿಗೂ ಅದರ ಕಥೆ ಗೊತ್ತಿರಬೇಕು.

ಒಂದು ಕಾಲಕ್ಕೆ ಡೀಸೆಲ್ ಅಂದ್ರೆ ಲಾರಿ, ಟ್ರ್ಯಾಕ್ಟರ್, ಅಂಬಾಸಿಡರ್ ಟ್ಯಾಕ್ಸಿ. 1998ರಲ್ಲಿ ಮಾರುತಿ ಕಂಪನಿ ಪೂಜೋ ಎಂಜಿನ್ ಕೂರಿಸಿ ಝೆನ್ ಡೀಸೆಲ್ ತಂದಿತು. ಅದೇ ವರ್ಷದ ಕೊನೆಗೆ ಟಾಟಾ ಇಂಡಿಕಾ ಬಂತು. ಒಳಗೆ ಜಾಗ ಧಾರಾಳ, ಓಡಿಸೋ ಖರ್ಚು ಕಡಿಮೆ. ಆದರೆ ಸದ್ದು ಮಾತ್ರ ಡಗಡಗ. ಬೆಂಗಳೂರಿನ ಕಾಲ್ ಸೆಂಟರ್‌ಗಳು ರಾತ್ರಿಯಿಡೀ ಓಡಿಸಿದ್ದು ಇದನ್ನೇ. ಹಾಗಾಗಿ ‘ಡೀಸೆಲ್ ಹ್ಯಾಚ್‌ಬ್ಯಾಕ್’ ಅಂದ್ರೆ ಕ್ಯಾಬ್ ಅನ್ನೋ ಹಣೆಪಟ್ಟಿ ಅಂಟಿಕೊಂಡಿತು.

ಅದನ್ನು ಕಿತ್ತಿದ್ದು ಕಾಮನ್ ರೈಲ್ ತಂತ್ರಜ್ಞಾನ. ಇಟಲಿಯ ಫಿಯೆಟ್ ಬೆಳೆಸಿದ ಇದನ್ನು ಬಾಷ್ ಕಂಪನಿ ಕೈಗೆತ್ತಿಕೊಂಡಿತು. 1997ರ ಆಲ್ಫಾ ರೋಮಿಯೋ 156 ಕಾರಿನಲ್ಲಿ ಅದು ರಸ್ತೆಗಿಳಿಯಿತು. ಬಾಷ್ ಅಂದ್ರೆ ಬೇರೆ ಯಾರೂ ಅಲ್ಲ, ನಮ್ಮ ಆಡುಗೋಡಿಯ ಹಳೇ ಮೈಕೋದ ಮಾತೃಸಂಸ್ಥೆ. ಡೀಸೆಲ್ಲನ್ನು ಭಾರೀ ಒತ್ತಡದಲ್ಲಿ ಒಂದೇ ಕೊಳವೆಯಲ್ಲಿ ತುಂಬಿಟ್ಟು, ಪ್ರತಿ ಉರಿತಕ್ಕೂ ಹಲವು ಸಣ್ಣ ಸಣ್ಣ ಕಂತುಗಳಲ್ಲಿ ಚಿಮ್ಮಿಸೋದು ಇದರ ಗುಟ್ಟು. ಒಮ್ಮೆಲೇ ‘ಢಬ್’ ಅನ್ನೋ ಬದಲು ಹಂತಹಂತವಾಗಿ ಉರಿಯೋದರಿಂದ ಸದ್ದೂ ಇಳಿಯುತ್ತೆ, ಹೊಗೆಯೂ ಇಳಿಯುತ್ತೆ. 2003ರಲ್ಲಿ ಫಿಯೆಟ್ ಇದನ್ನು 1248 ಸಿಸಿಯ ಪುಟ್ಟ ಮಲ್ಟಿಜೆಟ್ ಎಂಜಿನ್ನಿಗೆ ಇಳಿಸಿತು. ಅದರ ಲೈಸೆನ್ಸ್ ಪಡೆದ ಮಾರುತಿ, ಆಗಲೇ ಚಂದಕ್ಕೆ ಹೆಸರಾಗಿದ್ದ ಸ್ವಿಫ್ಟ್‌ಗೆ ಕೂರಿಸಿತು. ಇದೇ ಎಂಜಿನ್ ಟಾಟಾ ವಿಸ್ಟಾದಲ್ಲೂ ಫಿಯೆಟ್ ಪುಂಟೋದಲ್ಲೂ ಇತ್ತು. ಜನ ತಮಾಷೆಗೆ ‘ರಾಷ್ಟ್ರೀಯ ಎಂಜಿನ್’ ಅಂದರು.

ದಿನನಿತ್ಯಕ್ಕೆ ಹೇಗೆ? ಆಗಿನ ಪೆಟ್ರೋಲ್ ಸ್ವಿಫ್ಟ್‌ನದು 87 ಅಶ್ವಶಕ್ತಿ, ಡೀಸೆಲ್‌ನದು ಬರೀ 75. ಆದರೆ ಟಾರ್ಕ್ ಪೆಟ್ರೋಲ್‌ನಲ್ಲಿ 113 ನ್ಯೂಟನ್ ಮೀಟರ್ ಇದ್ರೆ ಡೀಸೆಲ್‌ನಲ್ಲಿ 190. ಹೆದ್ದಾರಿಯಲ್ಲಿ ಗೇರ್ ಇಳಿಸದೆ ಲಾರಿ ಹಿಂದಿಕ್ಕಬಹುದು. ತೊಂದರೆ ಇರೋದು ಸಿಲ್ಕ್ ಬೋರ್ಡಿನಂಥ ಕಡೆ. 2000 ಆರ್‌ಪಿಎಂ ಮುಟ್ಟೋವರೆಗೆ ಟರ್ಬೋ ಎಚ್ಚರ ಆಗಲ್ಲ. ಕ್ಲಚ್ ಒತ್ತಿ ಬಿಟ್ಟು ಎಡಗಾಲು ಸೋಲುತ್ತೆ.

ಆದರೂ ಜನ ಮುಗಿಬಿದ್ದರು. ಕಾರಣ ಎಂಜಿನ್ ಒಂದೇ ಅಲ್ಲ. 2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲ್ ಬೆಲೆಯ ಹಿಡಿತ ಬಿಟ್ಟಿತು, ಡೀಸೆಲ್‌ನದ್ದು ಬಿಡಲಿಲ್ಲ. 2012ರ ಮೇನಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದಾಗ ಡೀಸೆಲ್ 41ರ ಆಸುಪಾಸಿನಲ್ಲಿತ್ತು. ಲೀಟರಿಗೆ ಪೆಟ್ರೋಲ್ ಕಾರು 15, ಡೀಸೆಲ್ ಕಾರು 20 ಕಿ.ಮೀ. ಕೊಡುತ್ತೆ ಅಂದ್ಕೊಳ್ಳಿ. ಕಿಲೋಮೀಟರಿಗೆ 2.80 ರೂಪಾಯಿ ಉಳಿತಾಯ. ಡೀಸೆಲ್ ಮಾಡೆಲ್‌ಗೆ ಒಂದು ಲಕ್ಷ ಹೆಚ್ಚು ಕೊಟ್ಟಿದ್ರೂ 36,000 ಕಿ.ಮೀ.ಗೆ ವಾಪಸ್. ತಿಂಗಳಿಗೆ ಸಾವಿರ ಕಿ.ಮೀ. ಓಡಿಸೋರಿಗೆ ಮೂರೇ ವರ್ಷ.

ಈ 2.80 ರೂಪಾಯಿಯಲ್ಲಿ ಒಂದು ಪಾಲು ಎಂಜಿನ್ನಿನದು, ಇನ್ನೊಂದು ಪಾಲು ಸರ್ಕಾರದ್ದು. ಡೀಸೆಲ್ಲನ್ನು ಅಗ್ಗ ಇಟ್ಟಿದ್ದು ಬಸ್ಸು, ಲಾರಿ, ಟ್ರ್ಯಾಕ್ಟರ್‌ಗಳ ಹೆಸರಲ್ಲಿ. ನಮ್ಮೂರ ಕಡೆ ಕರೆಂಟು ಕೈಕೊಟ್ಟಾಗ ಬೆಳೆ ಉಳಿಸ್ಕೊಳ್ಳೋಕೆ ಕ್ಯಾನ್ ಹಿಡಿದು ಬಂಕಿಗೆ ಹೋಗೋ ರೈತನಿಗೂ, ಟೆಕ್ ಪಾರ್ಕಿಗೆ ಒಬ್ಬನೇ ಎಸಿ ಹಾಕ್ಕೊಂಡು ಹೋಗೋ ಸ್ವಿಫ್ಟ್ ಮಾಲೀಕನಿಗೂ ಒಂದೇ ರೇಟು. ಕಿರೀಟ್ ಪಾರಿಖ್ ಸಮಿತಿ 2010ರಲ್ಲೇ ಡೀಸೆಲ್ ಕಾರುಗಳಿಗೆ ಹೆಚ್ಚುವರಿ ಸುಂಕ ಹಾಕಿ ಎಂದಿತ್ತು. ಇನ್ನು 2012ರ ಜೂನ್‌ನಲ್ಲಿ, ಅಂದರೆ ಆ ಬೆಲೆ ಅಂತರ ಅಷ್ಟು ದೊಡ್ಡದಾಗಿದ್ದ ಹೊತ್ತಿನಲ್ಲೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ಘೋಷಿಸಿತು. ನಮ್ಮ ಎಕ್ಸೆಲ್ ಶೀಟಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

2013ರ ಜನವರಿಯಿಂದ ಡೀಸೆಲ್ ಬೆಲೆ ಸ್ವಲ್ಪಸ್ವಲ್ಪವೇ ಏರಿತು, 2014ರ ಅಕ್ಟೋಬರ್‌ನಲ್ಲಿ ಹಿಡಿತ ಪೂರ್ತಿ ತಪ್ಪಿತು. ಅಂತರ 10 ರೂಪಾಯಿಗೆ ಇಳಿದರೆ ಅದೇ ಒಂದು ಲಕ್ಷ ಹುಟ್ಟೋಕೆ ಐದು ವರ್ಷ ಹತ್ತಿರ ಬೇಕು. ಕೊನೇ ಪೆಟ್ಟು 2020ರ ಏಪ್ರಿಲ್ 1ರ ಬಿಎಸ್-6 ನಿಯಮ. ಡೀಸೆಲ್ ಕಾರು ಕಿ.ಮೀ.ಗೆ ಉಗುಳಬಹುದಾದ ಮಸಿ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ಅದಕ್ಕೆ ಬೇಕಾದ ಫಿಲ್ಟರ್ ದುಬಾರಿ. ಹೆದ್ದಾರಿಯಲ್ಲಿ ಬಿಸಿಯಾಗಿ ಓಡಿದರೆ ಒಳಗಿನ ಮಸಿ ಉರಿದುಹೋಗುತ್ತೆ, ಸಿಟಿಯ ಕುಂಟಾಟದಲ್ಲಿ ಕಟ್ಟಿಕೊಳ್ಳುತ್ತೆ. ಸಣ್ಣ ಕಾರಿಗೆ ಈ ಖರ್ಚು ಗಿಟ್ಟಲ್ಲ ಅಂತ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು.

ಹಾಗಾದ್ರೆ ಹಳೇ ಸ್ವಿಫ್ಟ್ ಡೀಸೆಲ್ ಕೊಳ್ಳಬಹುದಾ? ವಾರವಾರ ಊರಿಗೆ ಇನ್ನೂರು ಮುನ್ನೂರು ಕಿ.ಮೀ. ಹೋಗಿ ಬರೋರಿಗೆ ಕ್ಲಚ್, ಟರ್ಬೋ ಸರಿಯಿದ್ದರೆ ಗಟ್ಟಿ ಗಾಡಿ. ಮನೆಯಿಂದ ಆಫೀಸಿಗೆ ಎಂಟು ಕಿ.ಮೀ. ಅನ್ನೋರಿಗೆ ಬೇಡ. ಎಂಜಿನ್ ನಿಜಕ್ಕೂ ಒಳ್ಳೇದೇ, ಆದರೆ ಅದರ ಮೈಲೇಜಿನ ಬಿಲ್ಲಿನಲ್ಲಿ ಒಂದಿಷ್ಟನ್ನ ಕಾರಿಲ್ಲದವರೂ ಕಟ್ಟಿದ್ದಾರೆ. ‘ಎಷ್ಟು ಕೊಡುತ್ತೆ’ ಜೊತೆಗೆ ‘ಯಾರು ಕೊಡ್ತಾರೆ’ ಅಂತಾನೂ ಕೇಳಬೇಕು.