ಬರದ ನಾಡಿನ ಕೆರೆಯೂ ಬಂಡಾಯದ ತತ್ತ್ವವೂ



ಬಂಡಾಯವೆಂದರೆ ಕೇವಲ ‘ಒಲ್ಲೆ’ ಎನ್ನುವುದಲ್ಲ. ಯಾವುದನ್ನು ಕಾಪಾಡಲು ಒಲ್ಲೆನೆನ್ನುತ್ತೇವೆಯೋ ಅದಕ್ಕೆ ‘ಹೌದು’ ಎನ್ನುವುದೂ ಅದರಲ್ಲಿ ಅಡಗಿದೆ. ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ (1913–1960) ತನ್ನ 1951ರ ಗ್ರಂಥದಲ್ಲಿ ಪ್ರತಿಪಾದಿಸಿದ ವಿಚಾರವಿದು. ಅದಕ್ಕೂ ಮುನ್ನ, 1942ರಲ್ಲಿ, ಆತ ಗ್ರೀಕ್ ಪುರಾಣದ ಸಿಸಿಫಸ್‌ನ ಕಥೆಯನ್ನು ವಿವೇಚಿಸಿದ್ದನು. ಬಂಡೆಯನ್ನು ಬೆಟ್ಟದ ತುದಿಗೆ ಉರುಳಿಸಬೇಕು, ಅದು ಕೆಳಗುರುಳಿದೊಡನೆ ಮತ್ತೆ ತೊಡಗಬೇಕು. ಇದು ದೇವತೆಗಳು ಅವನಿಗೆ ವಿಧಿಸಿದ ಶಿಕ್ಷೆ. ಮನುಷ್ಯನು ಅರ್ಥವನ್ನು ಬೇಡುತ್ತಾನೆ, ಜಗತ್ತು ಮೌನವಾಗಿರುತ್ತದೆ. ಈ ಹೊಂದಿಕೆಯಿಲ್ಲದ ಸ್ಥಿತಿಯನ್ನೇ ‘ಅಸಂಗತ’ವೆಂದು ಕರೆದರು.

ಇದನ್ನರಿಯಲು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ರೈತನು ಗ್ರಂಥವನ್ನು ತೆರೆಯಬೇಕಿಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಶೇಂಗಾ ಬಿತ್ತಿ ಮುಗಿಲು ನೋಡುವುದು, ಬೆಳೆ ಒಣಗಿದರೂ ಮರುವರ್ಷ ಮತ್ತೆ ಬಿತ್ತುವುದು ಇಲ್ಲಿಯ ಬಾಳು. ಇಂತಹ ಪ್ರಯತ್ನಕ್ಕೆ ಬೆಲೆಯುಂಟೆ? ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವು ಕ್ರಿ.ಪೂ. 3ನೆಯ ಶತಮಾನದಲ್ಲಿಯೇ ಇದಕ್ಕೆ ಉತ್ತರಿಸಿದೆ. ಸತ್ಫಲವು ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಿಸಿದರೆ ಚಿಕ್ಕವರಿಗೂ ದಕ್ಕುವುದೆಂಬುದು ಅದರ ಸಾರ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಶ್ರೀ ಗುರು ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದು ಪರಂಪರೆ ಸ್ಮರಿಸುತ್ತದೆ. ಮಳೆಯ ಭರವಸೆಯಿಲ್ಲದೆಡೆ ಕೆರೆ ತೋಡುವುದು ಬರಕ್ಕೆ ಹೇಳಿದ ‘ಒಲ್ಲೆ’. ಮಾಡಿದವರಿಗೆ ಮಾಡಿದಷ್ಟು ನೀಡಬೇಕೆಂಬ ಅವರ ನುಡಿ ದುಡಿಮೆಗೆ ಹೇಳಿದ ‘ಹೌದು’.

ಈ ಎರಡನೆಯ ಮಾತೇ ಮುಖ್ಯವಾದುದು. ಮಿತಿಯನ್ನು ಮರೆತ ಬಂಡಾಯವು ಹೊಸ ದಬ್ಬಾಳಿಕೆಯಾಗುತ್ತದೆಂದು ಕಮೂ ಎಚ್ಚರಿಸಿದ್ದನು. ಊರಿನ ಒಳಿತಿನ ಹೆಸರಿನಲ್ಲಿ ಮಣ್ಣು ಹೊತ್ತವನ ಕೂಲಿಯನ್ನು ತಪ್ಪಿಸಿದರೆ ಕೆರೆಯೂ ದಬ್ಬಾಳಿಕೆಯ ಗುರುತಾದೀತು. 12ನೆಯ ಶತಮಾನದ ಕಲ್ಯಾಣದ ಶರಣರೂ ಹುಟ್ಟಿನ ಮೇಲುಕೀಳನ್ನು ನಿರಾಕರಿಸಿ ಅಲ್ಲಿಗೇ ನಿಲ್ಲಲಿಲ್ಲ. ಆ ಸ್ಥಾನದಲ್ಲಿ ಕಾಯಕ ದಾಸೋಹಗಳನ್ನು ನೆಲೆಗೊಳಿಸಿದರು.

ಇಲ್ಲಿ ಭೇದವನ್ನೂ ಗಮನಿಸಬೇಕು. ಕಮೂ ದೈವವನ್ನು ನಂಬಿದವನಲ್ಲ. ಅವನ ಸಿಸಿಫಸ್ ಬಂಡೆಯೊಡನೆ ಏಕಾಂಗಿ. ಶರಣನಿಗಾದರೋ ಕಾಯಕವೇ ಪೂಜೆ, ಜಂಗಮವೇ ಲಿಂಗ. ಕೆರೆಯ ಏರಿ ಒಬ್ಬನಿಂದ ಏಳುವುದಲ್ಲ, ಅದರ ನೀರು ಒಬ್ಬನಿಗಾಗಿ ನಿಲ್ಲುವುದೂ ಅಲ್ಲ. ಮಳೆ ನಮ್ಮ ಕೈಯಲ್ಲಿಲ್ಲ. ಹೂಳೆತ್ತುವುದು, ಎತ್ತಿದವನಿಗೆ ತಕ್ಕ ಕೂಲಿ ಕೊಡುವುದು ನಮ್ಮ ಕೈಯಲ್ಲಿದೆ.