ಬೀಗದಿಂದ ವಿಲೀನಕ್ಕೆ: ಹಂಚಿಕೊಂಡ ಆವೃತ್ತಿ ಭಂಡಾರದ ಚರಿತ್ರೆ ಮತ್ತು ಭಾಷಾ ದತ್ತಾಂಶ

ಒಂದೇ ಪಠ್ಯಕೋಶದ ಮೇಲೆ ಹಲವರು ಕೂಡಿ ಕೆಲಸ ಮಾಡುವಾಗ ಒಬ್ಬರ ತಿದ್ದುಪಡಿಯು ಮತ್ತೊಬ್ಬರದನ್ನು ಅಳಿಸದಂತೆ ಕಾಯುವುದು ಹೇಗೆ? ಹಂಚಿಕೊಂಡ ಆವೃತ್ತಿ ಭಂಡಾರವನ್ನು ಮೊದಲ ಬಾರಿಗೆ ಕಟ್ಟಲು ಹೊರಟ ಸಂಶೋಧಕರಿಗೆ ಇದು ಕೆಲವು ಆಜ್ಞೆಗಳನ್ನು ಕಲಿಯುವ ವಿಷಯವಾಗಿ ತೋರುವುದುಂಟು. ಆದರೆ ಈ ಪ್ರಶ್ನೆಗೆ ಕಳೆದ ಐದು ದಶಕಗಳಲ್ಲಿ ದೊರೆತ ಪ್ರತಿಯೊಂದು ಉತ್ತರದಲ್ಲಿಯೂ ಪಠ್ಯದ ಘಟಕ ಯಾವುದು, ಅದನ್ನು ತಿದ್ದುವ ಅಧಿಕಾರ ಯಾರದು ಎಂಬ ನಿಲುವು ಅಡಗಿದೆ. ಆ ನಿಲುವುಗಳು ಭಾಷಾ ದತ್ತಾಂಶಕ್ಕೆ ಎಷ್ಟರಮಟ್ಟಿಗೆ ಒಗ್ಗುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1972ರಲ್ಲಿ ಬೆಲ್ ಪ್ರಯೋಗಾಲಯದ ಮಾರ್ಕ್ ರೋಚ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್ ಹಾಗೂ 1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಚಿ ರೂಪಿಸಿದ ಆರ್‌ಸಿಎಸ್, ಎರಡೂ ಬೀಗದ ತತ್ತ್ವವನ್ನು ಅನುಸರಿಸಿದವು. ಕಡತವನ್ನು ತಿದ್ದಲು ಪಡೆದವರು ಅದನ್ನು ಮರಳಿ ಒಪ್ಪಿಸುವವರೆಗೆ ಉಳಿದವರು ಕಾಯಬೇಕಿತ್ತು. ಇದರಿಂದ ಸಂಘರ್ಷಕ್ಕೆ ಆಸ್ಪದವಿರಲಿಲ್ಲ. ಅಂತೆಯೇ ಏಕಕಾಲದ ಸಹಕಾರಕ್ಕೂ ಆಸ್ಪದವಿರಲಿಲ್ಲ.

ಈ ಬೀಗವನ್ನು ಸಡಿಲಿಸಿದ ಸಂದರ್ಭವು ವಿಶ್ವವಿದ್ಯಾಲಯದ ನಿತ್ಯಜೀವನದಿಂದಲೇ ಹುಟ್ಟಿತು. ಆಮ್‌ಸ್ಟರ್‌ಡಾಮ್‌ನ ವ್ರೈ ವಿಶ್ವವಿದ್ಯಾಲಯದಲ್ಲಿ ಡಿಕ್ ಗ್ರೂನ್ ತಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ಸಿ ಭಾಷೆಯ ಕಂಪೈಲರ್ ಒಂದನ್ನು ಸಿದ್ಧಪಡಿಸುತ್ತಿದ್ದರು. ಮೂವರ ಕೆಲಸದ ವೇಳೆಗಳು ಪರಸ್ಪರ ಹೊಂದುತ್ತಿರಲಿಲ್ಲ. ಆರ್‌ಸಿಎಸ್‌ನ ಮೇಲೆ ಅವರು ಹೆಣೆದ ಶೆಲ್ ಸ್ಕ್ರಿಪ್ಟ್‌ಗಳು 1986ರಲ್ಲಿ ಸಿವಿಎಸ್ ಎಂಬ ಹೆಸರಿನಲ್ಲಿ ಸಾರ್ವಜನಿಕವಾದವು. ಪ್ರತಿಯೊಬ್ಬರೂ ತಮ್ಮ ಪ್ರತಿಯಲ್ಲಿ ಸ್ವತಂತ್ರವಾಗಿ ತಿದ್ದಿ, ಬಳಿಕ ಎಲ್ಲವನ್ನೂ ವಿಲೀನಗೊಳಿಸುವ ಕ್ರಮ ಹೀಗೆ ರೂಢಿಗೆ ಬಂತು.

ವಿಲೀನದ ತರ್ಕ ಭಾಷಾವಿಜ್ಞಾನಿಗಳಿಗೆ ಹೊಸದಲ್ಲ. ತಮಿಳಿನ ‘ಪಾಲ್’ ಮತ್ತು ಹೊಸಗನ್ನಡದ ‘ಹಾಲು’ ಇವೆರಡನ್ನೇ ಎದುರಿಗಿಟ್ಟುಕೊಂಡರೆ ಬದಲಾವಣೆ ಯಾವ ಕಡೆಯದೆಂದು ನಿರ್ಧರಿಸಲಾಗದು. ಹಳಗನ್ನಡದ ‘ಪಾಲ್’ ರೂಪವು ಪಕಾರವೇ ಹಿಂದಿನದೆಂದು ತೋರಿಸುತ್ತದೆ. ಅಂತೆಯೇ ಎರಡು ಪ್ರತಿಗಳು ಭಿನ್ನವಾದಾಗ ಅವುಗಳ ಸಮಾನ ಪೂರ್ವರೂಪದೊಡನೆ ಹೋಲಿಸಿದರೆ ಮಾತ್ರ ಯಾರು ಏನನ್ನು ಬದಲಿಸಿದರೆಂಬುದು ತಿಳಿಯುತ್ತದೆ. ತ್ರಿಮುಖ ವಿಲೀನ ನಿಂತಿರುವುದು ಈ ಹೋಲಿಕೆಯ ಮೇಲೆ. ಭಂಡಾರವು ಚರಿತ್ರೆಯನ್ನು ಕಾಪಾಡಬೇಕಾದ ಕಾರಣವೂ ಇದೇ: ಪೂರ್ವರೂಪ ಕಳೆದುಹೋದರೆ ವಿಲೀನಕ್ಕೆ ಆಧಾರವಿಲ್ಲ.

2005ರಲ್ಲಿ ಲಿನಕ್ಸ್ ಕರ್ನೆಲ್‌ನ ಅಭಿವೃದ್ಧಿಕಾರರಿಗೆ ಬಿಟ್‌ಕೀಪರ್‌ನ ಉಚಿತ ಬಳಕೆ ನಿಂತುಹೋದಾಗ ಲಿನಸ್ ಟೋರ್ವಾಲ್ಡ್ಸ್ ಗಿಟ್ಅನ್ನು ರಚಿಸಿದರು. ಇದರಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ನಕಲೂ ಸಂಪೂರ್ಣ ಚರಿತ್ರೆಯನ್ನು ಹೊತ್ತಿರುತ್ತದೆ. ಆದುದರಿಂದ ‘ಹಂಚಿಕೊಂಡ ಭಂಡಾರ’ವೆಂಬುದು ತಾಂತ್ರಿಕವಾಗಿ ಇತರ ನಕಲುಗಳಿಗಿಂತ ಮೇಲಿನದಲ್ಲ, ಎಲ್ಲರೂ ತಮ್ಮ ತಿದ್ದುಪಡಿಗಳನ್ನು ಒಂದೆಡೆ ಒಪ್ಪಿಸೋಣವೆಂಬ ಒಡಂಬಡಿಕೆಯೇ ಅದಕ್ಕೆ ಆ ಸ್ಥಾನವನ್ನು ಕೊಡುತ್ತದೆ. ಅಂತಹ ಭಂಡಾರವನ್ನು ‘ಬೇರ್’ ರೂಪದಲ್ಲಿ, ಅಂದರೆ ಯಾರೂ ನೇರವಾಗಿ ಕುಳಿತು ತಿದ್ದುವ ಕಡತಗಳಿಲ್ಲದೆ ಕೇವಲ ಚರಿತ್ರೆಯನ್ನಷ್ಟೇ ಇರಿಸಿ, ಸ್ಥಾಪಿಸುವ ಪದ್ಧತಿಯು ಈ ಒಡಂಬಡಿಕೆಗೆ ಅನುಗುಣವಾಗಿದೆ.

ಆದರೆ ಈ ಪರಂಪರೆಯುದ್ದಕ್ಕೂ ಹೋಲಿಕೆಯ ಘಟಕವಾಗಿ ಉಳಿದುಬಂದದ್ದು ಸಾಲು. 1970ರ ದಶಕದಲ್ಲಿ ಯುನಿಕ್ಸ್‌ಗಾಗಿ ರೂಪುಗೊಂಡ ಡಿಫ್ ಕಾರ್ಯಕ್ರಮವು ಸಾಲುಗಳನ್ನು ಹೋಲಿಸುತ್ತದೆ. ವಾಕ್ಯವೆಂದರೇನೆಂದು ಅದಕ್ಕೆ ತಿಳಿಯದು. ಯೂನಿವರ್ಸಲ್ ಡಿಪೆಂಡೆನ್ಸೀಸ್ ಯೋಜನೆಯ ಕಡತಗಳಲ್ಲಿ ಒಂದು ಪದಕ್ಕೆ ಒಂದು ಸಾಲು ಮೀಸಲು. ಒಬ್ಬ ಟಿಪ್ಪಣಿಕಾರರು ಎರಡನೆಯ ಪದವನ್ನು ಏಳನೆಯದಕ್ಕೆ ಅಧೀನಗೊಳಿಸಿ, ಮತ್ತೊಬ್ಬರು ತಮ್ಮ ಪ್ರತಿಯಲ್ಲಿ ಏಳನೆಯದನ್ನು ಎರಡನೆಯದಕ್ಕೆ ಅಧೀನಗೊಳಿಸಿದರೆ, ಸಾಲುಗಳು ದೂರವಿರುವುದರಿಂದ ಗಿಟ್ ಯಾವ ಸಂಘರ್ಷವನ್ನೂ ಸೂಚಿಸದೆ ಎರಡನ್ನೂ ಒಪ್ಪಿಕೊಳ್ಳುತ್ತದೆ. ಫಲಿತಾಂಶ ಮಾತ್ರ ವೃಕ್ಷವಾಗಿರದೆ ಚಕ್ರವಾಗಿರುತ್ತದೆ. ಆ ಯೋಜನೆಯು ವಿಲೀನವನ್ನಷ್ಟೇ ನೆಚ್ಚಿಕೊಳ್ಳದೆ ಸಿಂಧುತ್ವ ಪರೀಕ್ಷೆಯ ಸ್ಕ್ರಿಪ್ಟ್ ಒಂದನ್ನೂ ಇರಿಸಿಕೊಂಡಿರುವುದರ ಮಹತ್ತ್ವ ಇಲ್ಲಿ ಸ್ಪಷ್ಟವಾಗುತ್ತದೆ.

ಕನ್ನಡ ದತ್ತಾಂಶದಲ್ಲಿ ವಿರುದ್ಧ ಬಗೆಯ ತೊಡಕೂ ಇದೆ. ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರಗಳ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಯುನಿಕೋಡ್ ಇವೆರಡನ್ನೂ ಸಮಾನವೆಂದು ಪರಿಗಣಿಸುತ್ತದೆ. ಬೈಟುಗಳನ್ನು ನೋಡುವ ಗಿಟ್ ಪರಿಗಣಿಸುವುದಿಲ್ಲ. ಕಣ್ಣಿಗೆ ಅಭಿನ್ನವಾದ ಸಾಲುಗಳು ಹೀಗೆ ತಿದ್ದುಪಡಿಗಳೆಂದು ದಾಖಲಾಗಿ, ನಿಜವಾದ ತಿದ್ದುಪಡಿಗಳು ಅವುಗಳ ನಡುವೆ ಮರೆಯಾಗುತ್ತವೆ.

ಹೀಗಿರುವಲ್ಲಿ ಹೊಸದಾಗಿ ಭಂಡಾರವನ್ನು ಕಟ್ಟುವವರು ಮೊದಲ ಕಮಿಟ್‌ಗೆ ಮುನ್ನವೇ ಮೂರು ವಿಷಯಗಳನ್ನು ನಿರ್ಧರಿಸಿಕೊಳ್ಳುವುದು ಉಚಿತವೆಂದು ನಾವು ಭಾವಿಸುತ್ತೇವೆ: ಒಂದು ಸಾಲಿನಲ್ಲಿ ಯಾವ ಭಾಷಿಕ ಘಟಕವಿರಬೇಕು, ಸಂಕೇತಗಳ ಯಾವ ಪ್ರಮಾಣೀಕೃತ ರೂಪವನ್ನು ಬಳಸಬೇಕು, ವಿಲೀನದ ಬಳಿಕ ಯಾವ ಪರೀಕ್ಷೆ ನಡೆಯಬೇಕು. ನಾಲ್ಕನೆಯದು ತಾಂತ್ರಿಕವಲ್ಲದಿದ್ದರೂ ಕಡಿಮೆ ಮುಖ್ಯವಲ್ಲ. ಪ್ರತಿ ಕಮಿಟ್‌ನಲ್ಲಿ ಕರ್ತೃವಿನ ಹೆಸರು ಉಳಿಯುತ್ತದೆ. ಕ್ಷೇತ್ರಕಾರ್ಯದ ಸಹಾಯಕರು ಮತ್ತು ಟಿಪ್ಪಣಿಕಾರರೆಲ್ಲರ ಕೆಲಸವು ಒಬ್ಬರ ಖಾತೆಯಿಂದಲೇ ಒಪ್ಪಿಸಲ್ಪಟ್ಟರೆ ವಿಶ್ಲೇಷಣೆಯ ಭಿನ್ನಾಭಿಪ್ರಾಯಗಳೂ ಅವುಗಳ ಹಿಂದಿನ ಶ್ರಮವೂ ಒಂದೇ ಹೆಸರಿನಲ್ಲಿ ಕರಗಿಹೋಗುತ್ತವೆ. ಬೀಗವನ್ನು ತೆಗೆದ ಚರಿತ್ರೆಯ ಪ್ರಯೋಜನವನ್ನು ಪೂರ್ಣವಾಗಿ ಪಡೆಯಬೇಕಾದರೆ ಕೀಲಿಕೈ ಪ್ರತಿಯೊಬ್ಬರ ಹೆಸರಿನಲ್ಲಿಯೂ ಇರಬೇಕು.